ಎಂಟು ಕಪ್ಪೆಗಳ ಹೃದಯ ನಿಂತ ದಿನ

ಕಳೆದ ವಾರ ನನ್ನ ವಿದ್ಯಾರ್ಥಿನಿ ಕ್ಯಾಲ್ಸಿಯಂ ಕ್ಲೋರೈಡ್ ಬಾಟಲಿಯ ಮುಚ್ಚಳ ಸಡಿಲ ಬಿಟ್ಟು ಹೋಗಿದ್ದಳು. ಬೆಳಿಗ್ಗೆ ನೋಡಿದರೆ ಪುಡಿಯೆಲ್ಲ ತೇವ ಹೀರಿ ನೀರಾಗಿತ್ತು. ಬೈಯಲು ಬಾಯಿ ತೆರೆದೆ, ಆಗಲಿಲ್ಲ. ಅವಳದು ಹೃದಯದ ಸ್ನಾಯುಕೋಶಗಳ ಅಧ್ಯಯನ. ಮಿಡಿತ ಮಿಡಿತಕ್ಕೂ ಕ್ಯಾಲ್ಸಿಯಂ ಒಳನುಗ್ಗಿ ಕೋಶಕೇಂದ್ರದವರೆಗೂ ಸುದ್ದಿ ಮುಟ್ಟಿಸುವುದನ್ನು ಪರದೆಯ ಮೇಲೆ ತೋರಿಸುತ್ತಾಳೆ. ಅದನ್ನು ನೋಡಿದಾಗಲೆಲ್ಲ ನನಗೆ ನಮ್ಮ ಹಳೆಯ ಲ್ಯಾಬ್ ಅಟೆಂಡರ್ ನೆನಪಾಗಿ ಕೂತಲ್ಲಿ ಕೂರಲಾಗುವುದಿಲ್ಲ...

ತೊಂಬತ್ತರ ದಶಕ. ತುಮಕೂರಿನ ಕಾಲೇಜೊಂದರಲ್ಲಿ ನಾನು ಪಾರ್ಟ್‌ಟೈಮ್ ಲೆಕ್ಚರರ್. ಮುಂದಿನ ವರ್ಷ ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂದು ದಿನವೂ ಎದೆ ಡವಡವ. ಆ ಅಟೆಂಡರ್ ಗುಬ್ಬಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಗಾಜಿನ ಸಾಮಾನು ತೊಳೆಯುವುದು ಅವರ ಕೆಲಸ, ಉಪ್ಪುಗಳನ್ನು ತೂಗಿ ದ್ರಾವಣ ಮಾಡುವುದು ನನ್ನದು.

ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪುಗಳ ದ್ರಾವಣದಲ್ಲಿ ಬಡಿಯುವಂತೆ ಇಡುವ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಕ್ಯಾಲ್ಸಿಯಂ ಬಾಟಲಿ ಹೀಗೇ ನೀರಾಗಿತ್ತು. ಹೊಸದಕ್ಕೆ ಮುಖ್ಯಸ್ಥರ ಸಹಿ ಬೇಕು, ಅವರ ಮುಖ ನೋಡಲು ನನಗೆ ಭಯ. ಚಿಟಿಕೆ ಉಪ್ಪು ತಾನೆ ಎಂದು ಬಿಟ್ಟುಬಿಟ್ಟೆ. ಹೋದ ಟರ್ಮಿನಲ್ಲೂ ಬಿಟ್ಟಿದ್ದೆ, ಹೃದಯಗಳು ಬಡಿದಿದ್ದವು. ಆಗ ಬಳಸಿದ್ದ ಬೋರ್‌ವೆಲ್ಲಿನ ಗಡಸು ನೀರಿನಲ್ಲೇ ಕ್ಯಾಲ್ಸಿಯಂ ಇತ್ತೆಂದು ನನಗೆ ಹೊಳೆದಿರಲಿಲ್ಲ. ಈ ಸಲ ನನ್ನ ಮರ್ಯಾದೆ ಉಳಿಯಲೆಂದು ಅಟೆಂಡರ್ ಎಲ್ಲಿಂದಲೋ ಯಾವ ಲವಣವೂ ಇಲ್ಲದ ಡಿಸ್ಟಿಲ್ಡ್ ವಾಟರ್ ಹೊಂದಿಸಿ ತಂದಿದ್ದರು.

"ಎಲ್ಲಾ ಹಾಕಿದೀರಾ ಮೇಡಮ್ಮೋರೆ?"

"ಹಾಕಿದೀನಿ ಬಿಡಿ."

ಒಂದೊಂದಾಗಿ ಎಂಟು ಮೇಜಿನ ಮೇಲೂ ಕಪ್ಪೆಯ ಹೃದಯ ಸೋತು ನಿಂತುಹೋಯಿತು. ಹೊರಗಿನಿಂದ ಬಂದ ಪರೀಕ್ಷಕರು ಕಿರುಚಿದರು, "ಬೀಕರ್ ತೊಳೆದವರು ಯಾರ್ರೀ? ಸೋಪು ಉಳಿದಿದೆ!" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವಳು ನಾನು. ಮುಟ್ಟಿಕೊಂಡವರು ಅವರು.

"ತಪ್ಪಾಯ್ತು ಸಾರ್. ನಾನೇ ತೊಳ್ದಿದ್ದು."

ಬಾಟಲಿಯನ್ನು ನಾನು ಸಂಜೆಯೇ ಸಿಂಕಿಗೆ ಸುರಿದೆ. ಅವರನ್ನು ಲ್ಯಾಬಿನಿಂದ ತೆಗೆದು ಸೈಕಲ್ ಸ್ಟ್ಯಾಂಡಿಗೆ ಹಾಕಿದರು. ದಿನಾ ಅಲ್ಲಿಂದಲೇ ಹಾದು ಹೋಗುತ್ತಿದ್ದೆ. ಅವರು ಎದ್ದು ನಿಂತು ನಮಸ್ಕಾರ ಹೇಳುತ್ತಿದ್ದರು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ... ಅಷ್ಟರಲ್ಲಿ ನನಗೆ ಕುಣಿಗಲ್ಲಿನಲ್ಲಿ ಖಾಯಂ ಕೆಲಸ ಸಿಕ್ಕಿತು.

ಹೇಳಿಯೇ ತೀರಬೇಕೆಂದು ಗುಬ್ಬಿಗೆ ಹೋದದ್ದು ಹತ್ತು ವರ್ಷದ ಮೇಲೆ. ಅವರು ತೀರಿಕೊಂಡು ತಿಂಗಳಾಗಿತ್ತು. ಮಗಳು ಕಾಫಿ ಕೊಟ್ಟಳು.

"ಕೊನೇವರ್ಗೂ ತೊಳ್ದ ಲೋಟನೇ ತೊಳೀತಿದ್ರು ಮೇಡಂ. ಸೋಪು ಉಳ್ಕಂಡ್ರೆ ಜೀವ ನಿಂತೋಯ್ತದೆ ಕಣಮ್ಮ ಅನ್ನೋರು. ನೀವೂ ಅವತ್ತು ಅಲ್ಲೇ ಇದ್ರಂತಲ್ಲ... ನಮ್ಮಪ್ಪಂದೇ ತಪ್ಪಾ?"

"ನೆನಪಿಲ್ಲ ಕಣಮ್ಮ" ಎಂದೆ.

ನಾನೀಗ ಮತ್ತೆ ತುಮಕೂರಿನಲ್ಲಿದ್ದೇನೆ. ಅವರಿಲ್ಲ, ಅವರಿಗೆ ಹೇಳುವ ಕಾಲ ಮುಗಿಯಿತು. ಮಗಳು ಗುಬ್ಬಿಯಲ್ಲೇ ಇದ್ದಾಳೆ, ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಈ ವಾರದಲ್ಲಿ ಎರಡು ಸಲ ಬಸ್ ಸ್ಟ್ಯಾಂಡಿನವರೆಗೆ ಹೋಗಿ ವಾಪಸು ಬಂದಿದ್ದೇನೆ.