ಮೂರು ಕಾಲಿನ ಪಚ್ಚಿಲೆ

ಕಾಪುವಿನ ಕಡಲಲ್ಲಿ, ದಡದಿಂದ ದೋಣಿಯಲ್ಲಿ ಅರ್ಧ ಗಂಟೆ ದೂರ ಹೋದರೆ, ನಮ್ಮ ಸಂಶೋಧನೆಯ ಮೂರು ಕಬ್ಬಿಣದ ಕಾಲುಗಳು ನಿಂತಿದ್ದವು. ಕಾಲುಗಳ ಮೇಲೊಂದು ಪುಟ್ಟ ಅಟ್ಟ, ಅಟ್ಟದ ಮೇಲೊಂದು ಪೆಟ್ಟಿಗೆ. ಅಲೆಗಳು ಕಾಲಿಗೆ ಎಷ್ಟು ಬಲವಾಗಿ ಬಡಿದವೆಂದು ಪೆಟ್ಟಿಗೆ ದಾಖಲಿಸುತ್ತಿತ್ತು. ನಾನು ಮಣಿಪಾಲದ ಗುಡ್ಡದ ಮೇಲೆ ಫ್ಯಾನಿನಡಿ ಕುಳಿತು ಅವೇ ಕಾಲುಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಅವೇ ಅಲೆಗಳಿಂದ ಹೊಡೆಸುತ್ತಿದ್ದೆ. ಕಡಲು ಹೇಳಿದ್ದಕ್ಕೂ ಕಂಪ್ಯೂಟರ್ ಹೇಳಿದ್ದಕ್ಕೂ ತಾಳೆಯಾದರೆ ನನಗೆ ಪಿಎಚ್‌ಡಿ.

ತಾಳೆಯಾಗಲಿಲ್ಲ. ಕಡಲಲ್ಲಿ ನಿಂತ ಕಬ್ಬಿಣಕ್ಕೆ ಪಚ್ಚಿಲೆ, ಅಂದರೆ ಕಪ್ಪೆಚಿಪ್ಪಿನಂಥ ಹಸಿರು ಚಿಪ್ಪುಗಳು ಹತ್ತಿಕೊಳ್ಳುತ್ತವೆ. ಕಾಲು ದಪ್ಪವಾಗುತ್ತದೆ, ದಪ್ಪವಾದ ಕಾಲಿಗೆ ಪೆಟ್ಟು ಜಾಸ್ತಿ. ಅದನ್ನು ನಾನು ಲೆಕ್ಕಕ್ಕೆ ಹಿಡಿದಿದ್ದೆ. ಹಾಗಾಗಿ ನನ್ನ ಗೆರೆ ತಿಂಗಳು ತಿಂಗಳೂ ಏರುತ್ತಿತ್ತು. ಕಡಲಿನ ಗೆರೆಯೂ ಏರುತ್ತಿತ್ತು. ಆದರೆ ನಾನು ದೋಣಿಯಲ್ಲಿ ಹೋಗಿ ಪೆಟ್ಟಿಗೆಯ ಕಾರ್ಡು ಬದಲಿಸಿ ಬಂದ ದಿನವೇ ದೊಪ್ಪನೆ ಬೀಳುತ್ತಿತ್ತು. ನಾಲ್ಕು ಸಲ ಹೋಗಿದ್ದೆ, ನಾಲ್ಕು ಸಲವೂ ಬಿದ್ದಿತ್ತು.

ನನ್ನ ಗೈಡ್ ಮೇಡಂ ಕಾರ್ಕಳದವರು. ಅವರಿಗಿಂತ ಅವರ ಊರಿನ ಬಂಡೆಯೇ ಬೇಗ ಕರಗೀತು ಎಂದು ನಾವು ವಿದ್ಯಾರ್ಥಿಗಳು ಆಡಿಕೊಳ್ಳುತ್ತಿದ್ದೆವು. ಅವರು ಆ ನಾಲ್ಕು ಇಳಿತಗಳ ಮೇಲೂ ಒಂದೊಂದಾಗಿ ಬೆರಳಿಟ್ಟು, ಮೆಲ್ಲಗೆ ಹೇಳಿದರು:

"ಲೆಕ್ಕ ತಪ್ಪಿದರೆ ತಿದ್ದುವ. ಅಳತೆಯನ್ನೇ ನೀನು ತಿದ್ದಿದ್ದಾದರೆ ಇಲ್ಲಿ ನಿನಗೆ ಜಾಗ ಇಲ್ಲ."

ನನ್ನ ಅಪ್ಪ ಅವ್ವ ಬಾಗಲಕೋಟೆ ಕಡೆಯಿಂದ ಬಂದು ಇದೇ ಗುಡ್ಡದ ಕಟ್ಟಡಗಳಿಗೆ ಕಲ್ಲು ಹೊತ್ತವರು. ಅವರು ಕಲ್ಲು ಹೊತ್ತ ಜಾಗದಲ್ಲಿ ಮಗಳು ಕಳ್ಳಿ ಅನ್ನಿಸಿಕೊಳ್ಳುವುದೇ? ಎದುರು ಮಾತಾಡಿದೆ, ಬಾಗಿಲನ್ನೂ ಸ್ವಲ್ಪ ಜೋರಾಗಿಯೇ ಎಳೆದುಕೊಂಡೆ. ದೋಷ ಪೆಟ್ಟಿಗೆಯಲ್ಲೇ ಇದೆಯೋ ನೋಡಲು ಮಾರನೇ ದಿನವೇ ಬಸ್ಸು ಹತ್ತಿ ಉಡುಪಿ ದಾಟಿ ಕಾಪುವಿಗೆ ಹೋದೆ.

ನನ್ನನ್ನು ಕರೆದೊಯ್ಯುತ್ತಿದ್ದ ದೋಣಿ ಒಬ್ಬ ಬ್ಯಾರಿ ಕಾಕನದು. ಬಹಳ ವರ್ಷ ಗಲ್ಫಿನಲ್ಲಿದ್ದು ಬಂದವರು ಎಂದಷ್ಟೇ ಗೊತ್ತಿತ್ತು. ಒಂದು ನಿಜ ಒಪ್ಪಿಕೊಳ್ಳಬೇಕು. ಅಲೆಯ ಮೇಲೆ ಪಿಎಚ್‌ಡಿ ಮಾಡುವ ನನಗೆ ಅಲೆಯೆಂದರೆ ಪ್ರಾಣಭಯ. ಅಟ್ಟ ಹತ್ತಿದವಳು ಪೆಟ್ಟಿಗೆಯನ್ನು ತಬ್ಬಿಕೊಂಡು, ಮನೆದೇವರನ್ನು ನೆನೆಯುತ್ತಾ ಕಾರ್ಡು ಬದಲಿಸುತ್ತಿದ್ದೆ. ಕೆಳಗೆ ನೋಡುತ್ತಲೇ ಇರಲಿಲ್ಲ. ಅಷ್ಟು ಹೊತ್ತು ಕಾಕ ನೀರಿಗಿಳಿದು ಮುಳುಗಿ ಏಳುವ ಸದ್ದು ಕೇಳುತ್ತಿತ್ತು. ಸೆಕೆಗೆ ಮೀಯುತ್ತಾರೆ ಅಂದುಕೊಂಡಿದ್ದೆ.

ಆ ದಿನವೂ ಹಾಗೇ ಆಯಿತು. ಪೆಟ್ಟಿಗೆಯಲ್ಲಿ ಯಾವ ದೋಷವೂ ಸಿಗಲಿಲ್ಲ. ಮಧ್ಯಾಹ್ನ ಎಂದಿನಂತೆ ಅವರ ಮನೆಯಲ್ಲಿ ಊಟಕ್ಕೆ ಕುಳಿತೆ. ಕಾಕನ ಹೆಂಡತಿ ಅಕ್ಕಿರೊಟ್ಟಿಯ ಪಕ್ಕ, ಚಿಪ್ಪಿನೊಳಗಿನ ಮಾಂಸವನ್ನು ಕಾಯಿತುರಿ ಹಾಕಿ ಹುರಿದ ಪಚ್ಚಿಲೆ ಸುಕ್ಕ ಬಡಿಸಿದರು. ಮೊದಲ ಸಲ ಮೂಗು ಮುರಿದಿದ್ದ ನಾನು ಈಗ ಕೇಳಿ ಹಾಕಿಸಿಕೊಳ್ಳುವ ಮಟ್ಟಕ್ಕೆ ಬಂದಿದ್ದೆ. ದುಃಖದಲ್ಲೂ ರುಚಿ ತಿಳಿಯುತ್ತಿತ್ತು. ಇಷ್ಟು ತಾಜಾ ಎಲ್ಲಿ ಸಿಗುತ್ತದೆ ಎಂದು ಸುಮ್ಮನೆ ಕೇಳಿದೆ.

"ನಿಮ್ಮ ಕಾಲಿನದ್ದೇ ಅಲ್ವಾ, ಮಗಾ," ಎಂದರು ಕಾಕ.

ರೊಟ್ಟಿ ಕೈಯಲ್ಲೇ ಉಳಿಯಿತು. ಕಾಕ ಗಲ್ಫಿನಲ್ಲಿ ಮಾಡಿದ್ದು ಅದೇ ಕೆಲಸವಂತೆ: ಕಡಲ ನಡುವಿನ ಎಣ್ಣೆ ಬಾವಿಗಳ ಕಾಲುಗಳನ್ನು ನೀರಿನೊಳಗೆ ಮುಳುಗಿ ಕೆರೆದು ಸ್ವಚ್ಛ ಮಾಡುವುದು. ನನ್ನ ಕಾಲುಗಳು ಕೊಳಕಾಗಿ ನಿಂತದ್ದು ಅವರಿಂದ ನೋಡಲಾಗಲಿಲ್ಲ. ಹೇಳಿ ಮಾಡುವಷ್ಟು ದೊಡ್ಡ ಉಪಕಾರವೇನಲ್ಲವೆಂದು ಪ್ರತಿ ಸಲವೂ ಕೆರೆದುಬಿಡುತ್ತಿದ್ದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ. ನಾನಂತೂ ಹುಡುಕುತ್ತಿದ್ದುದನ್ನು ಸುಕ್ಕ ಮಾಡಿಸಿ ತಿಂದಿದ್ದೆ. ನಗು ತಡೆಯಲಾಗದೆ ನೆತ್ತಿಗೆ ಹತ್ತಿತು. ಕಾಕನ ಹೆಂಡತಿ ಗಾಬರಿಯಿಂದ ನೀರು ತಂದರು.

ನಾನೊಬ್ಬಳೇ ಹೇಳಿದರೆ ಮೇಡಂ ನಂಬುತ್ತಿರಲಿಲ್ಲ. ಎರಡು ದಿನ ಬಿಟ್ಟು ಕಾಕ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಮಣಿಪಾಲಕ್ಕೆ ಬಂದರು. ಮೇಡಂ ಪರೀಕ್ಷೆ ಮಾಡುವವರಂತೆ ಪ್ರಶ್ನೆ ಕೇಳಿದರು. ನೀರಿನ ಮಟ್ಟದಲ್ಲಿ ಪದರ ನಾಲ್ಕು ಬೆರಳು ದಪ್ಪ, ಆಳಕ್ಕಿಳಿದಂತೆ ಎರಡೇ ಬೆರಳು ಎಂದು ಕಾಕ ಕೈಯಲ್ಲೇ ತೋರಿಸಿದರು. ಮೇಡಂ ಅವರ ಬೆರಳಿಗೆ ಸ್ಕೇಲು ಹಿಡಿದರು. ನಾನು ಆ ಅಳತೆಯನ್ನು ಹಾಕಿ, ನಾನು ಹೋದ ದಿನಗಳಲ್ಲೆಲ್ಲ ಕಾಲುಗಳನ್ನು ಬೋಳು ಮಾಡಿ, ಲೆಕ್ಕವನ್ನು ಮತ್ತೆ ಓಡಿಸಿದೆ. ಊಟದ ಹೊತ್ತಿಗೆ ಪರದೆಯ ಮೇಲೆ ನನ್ನ ಗೆರೆ ಕಡಲಿನ ಗೆರೆಯ ಜೊತೆಗೇ ಏರಿತು, ಜೊತೆಗೇ ಬಿತ್ತು. ನಾಲ್ಕೂ ಸಲ. ನನಗೆ ಕುಣಿಯುವಷ್ಟು ಖುಷಿಯಾಯಿತು.

ಕಾಕ ಮಾತ್ರ ಆ ಇಳಿತವನ್ನೇ ನೋಡುತ್ತಾ ನಿಂತಿದ್ದರು. ಅದೇನೆಂದು ಕೇಳಿದರು. ನೀವು ಕೆರೆದ ಮೇಲೆ ಕಾಲಿನ ಮೇಲಿಂದ ಇಳಿದ ಅಲೆಯ ಪೆಟ್ಟಿನ ಭಾರ ಅದು ಎಂದೆ.

"ಇಷ್ಟು ಉಂಟಾ?" ಎಂದರು. "ಅಷ್ಟು ವರ್ಷ ಕೆರೆದೆ ಮಗಾ. ಚಂದ ಕಾಣಲಿಕ್ಕೆ ಮಾಡಿಸ್ತಾರೆ ಅಂತ ಎಣಿಸಿದ್ದೆ."

ಮೇಡಂ ತಮ್ಮ ಕುರ್ಚಿಯನ್ನು ಅವರಿಗೆ ಬಿಟ್ಟುಕೊಟ್ಟು, ಆ ಹಾಳೆಯನ್ನು ಮುದ್ರಿಸಿ ಅವರ ಕೈಗಿತ್ತರು. ಆಮೇಲೆ ನನ್ನ ಕಡೆ ತಿರುಗಿ, ತಪ್ಪು ತಿಳಿದುಕೊಂಡೆ ಎಂದು ಕಾಕನ ಎದುರೇ ಹೇಳಿದರು. ಇನ್ನು ಮುಂದೆ ಎರಡು ಕಾಲು ಮುಟ್ಟುವುದು ಬೇಡ, ಹೋಲಿಸಿ ನೋಡಲು ಒಂದನ್ನು ಮಾತ್ರ ಕೆರೆಯಬೇಕು ಎಂದು ತೀರ್ಮಾನವಾಯಿತು.

ಕಾಕ ಹಾಳೆಯನ್ನು ಮಡಚದೆ ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದರು. ಈಗ ಅದು ಅವರ ಮನೆಯಲ್ಲಿ, ನಾವು ಊಟಕ್ಕೆ ಕೂರುವ ಕಡೆಯ ಗೋಡೆಯ ಮೇಲೆ, ಕಟ್ಟು ಹಾಕಿಸಿಕೊಂಡು ನೇತಾಡುತ್ತಿದೆ. ಅದರ ಕೆಳಗೆ ಕುಳಿತು ಮೇಡಮ್ಮೂ ನಾನೂ ಒಂದು ಕಾಲಿನ ಪಚ್ಚಿಲೆ ತಿನ್ನುತ್ತೇವೆ.