ಬಹುಮಾನ ನಿಲ್ಲಿಸಿದ ವರ್ಷ

ನಿವೃತ್ತಿಯಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾರದೆ ನಾನು ಹಿಡಿದ ಕೆಲಸ ಅದು. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ, ನಮ್ಮ ಮನೆಯಿಂದ ಎರಡು ಓಣಿ ಆಚೆ, ಮಹಡಿಯ ಮೇಲಿನ ಒಂದು ಕೋಣೆ ನಮ್ಮ ಟ್ರಸ್ಟಿನ ಕಚೇರಿ. ಹತ್ತಿ ವ್ಯಾಪಾರದ ಮನೆತನವೊಂದು ತಾಯಿಯ ಹೆಸರಿನಲ್ಲಿ, ಆಕೆ ಬದುಕಿದ್ದಾಗಲೇ ಕಟ್ಟಿದ ಟ್ರಸ್ಟು. ಹತ್ತನೇ ತರಗತಿಯಲ್ಲಿ ಹೆಚ್ಚು ಅಂಕ ತೆಗೆದ ಹೆಣ್ಣುಮಕ್ಕಳಿಗೆ ವರ್ಷಕ್ಕೊಮ್ಮೆ ಬಹುಮಾನ ಕೊಡುವುದು, ಅದಕ್ಕಿದ್ದ ಕೆಲಸ ಅದೊಂದೇ. ಕಲ್ಯಾಣ ಮಂಟಪ, ವೇದಿಕೆ, ಶಾಲು, ಬಹುಮಾನದ ಕಪ್ಪು, ಫೋಟೊ, ಆಮೇಲೆ ಊಟ. ನಾನು ಕುರುಗೋಡಿನ ಹೈಸ್ಕೂಲಿನಲ್ಲಿ ಬಹಳ ವರ್ಷ ಗಣಿತ ಕಲಿಸಿದವಳು. ಅಂಕಪಟ್ಟಿ ನೋಡಿ ಮಕ್ಕಳನ್ನು ಆರಿಸುವುದು ನನಗೆ ಕಷ್ಟವೇನಿರಲಿಲ್ಲ. ಕಾರ್ಯದರ್ಶಿ ಎಂದು ಆಹ್ವಾನಪತ್ರಿಕೆಯಲ್ಲಿ ನನ್ನ ಹೆಸರು ಅಚ್ಚಾಗುತ್ತಿತ್ತು, ಅದರ ಕೆಳಗೆ ಫೋನ್ ನಂಬರು.

ಕೊರೋನಾ ಬಂದ ವರ್ಷ ಹತ್ತನೇ ತರಗತಿಯ ಪರೀಕ್ಷೆ ಇನ್ನೇನು ಶುರುವಾಗಬೇಕು ಎನ್ನುವಾಗ ಎಲ್ಲವೂ ನಿಂತುಹೋಯಿತು. ಊರಿನಲ್ಲಿ ಎಲ್ಲರೂ ದಿನಸಿ ಕಿಟ್ ಹಂಚುತ್ತಿದ್ದರು. ನಾವೂ ಒಂದಷ್ಟು ಹಂಚಿದೆವು. ಟ್ರಸ್ಟಿನ ಅಧ್ಯಕ್ಷರನ್ನು ನಾವೆಲ್ಲ ಸಾವ್ಕಾರ್ರು ಎನ್ನುತ್ತಿದ್ದೆವು. ಯಾರ ಹೆಸರಿನಲ್ಲಿ ಟ್ರಸ್ಟು ಕಟ್ಟಿದ್ದರೋ ಆ ತಾಯಿಯ ಹಿರಿಯ ಮಗ, ಎಪ್ಪತ್ತು ದಾಟಿದವರು. ಈ ವರ್ಷ ಸಮಾರಂಭ ಇಲ್ಲ, ಉಳಿದ ಹಣ ಮುಂದಿನ ವರ್ಷಕ್ಕಿರಲಿ ಎಂದು ಅವರು ಫೋನಿನಲ್ಲೇ ತೀರ್ಮಾನ ಹೇಳಿದರು. ನಾನೂ ಹೂಂ ಎಂದೆ.

ಅದಾಗಿ ಒಂದು ವಾರಕ್ಕೆ ನನಗೊಂದು ಫೋನ್ ಬಂತು. ಗುರುತಿಲ್ಲದ ನಂಬರು, ಸಣ್ಣ ದನಿ. ಸಿರುಗುಪ್ಪದ ಹತ್ತಿರದ ಒಂದು ಹಳ್ಳಿಯ ಹುಡುಗಿ, ಬಳ್ಳಾರಿಯಲ್ಲಿ ಹಾಸ್ಟೆಲಿನಲ್ಲಿದ್ದು ಹತ್ತನೇ ತರಗತಿ ಓದುತ್ತಿದ್ದಳು. ಹಿಂದಿನ ವರ್ಷದ ನಮ್ಮ ಆಹ್ವಾನಪತ್ರಿಕೆಯನ್ನು ಶಾಲೆಯ ಗೋಡೆಗೆ ಅಂಟಿಸಿದ್ದರಂತೆ, ಅದರಲ್ಲಿದ್ದ ನಂಬರನ್ನು ನೋಟ್‌ಬುಕ್ಕಿನ ಹಿಂದೆ ಬರೆದುಕೊಂಡಿದ್ದಳಂತೆ. ನಾನು, ಈ ವರ್ಷ ಬಹುಮಾನ ಇಲ್ಲಮ್ಮ ಎಂದು ಹೇಳಿ ಮುಗಿಸಲು ಹೋದೆ.

"ಬಹುಮಾನಕ್ಕಲ್ರಿ ಮೇಡಂ," ಎಂದಳು. "ನಮ್ಮ ಪುಸ್ತಕ ಎಲ್ಲಾ ಹಾಸ್ಟೆಲ್ಲಾಗ ಅದಾವ್ರಿ. ವಾರದಾಗ ತಿರುಗಿ ಹೋಗಾಕ ಬರ್ತೈತಿ ಅಂತ ಟ್ರಂಕಿಗೆ ಕೀಲಿ ಹಾಕಿ ಬಂದೀವ್ರಿ. ಒಂದು ಗಣಿತದ ಪುಸ್ತಕ ಸಿಕ್ಕರ ಸಾಕ್ರಿ."

ಅವಳೊಬ್ಬಳೇ ಅಲ್ಲ, ಸುತ್ತಲ ಹಳ್ಳಿಗಳಲ್ಲಿ ಅವಳಿಗೆ ಗೊತ್ತಿದ್ದ ಐದಾರು ಹುಡುಗಿಯರದ್ದೂ ಅದೇ ಕಥೆ. ಕೆಲವರು ಪರೀಕ್ಷೆಯೇ ಆಗುವುದಿಲ್ಲವೆಂದು ಗದ್ದೆ ಕೆಲಸಕ್ಕೆ ಹೋಗತೊಡಗಿದ್ದರು. ಒಬ್ಬಳಿಗೆ ವರ ನೋಡುತ್ತಿದ್ದರು, ನಾಲ್ಕು ಮಂದಿಯನ್ನು ಕರೆದು ಮದುವೆ ಮುಗಿಸಿದರೆ ಈಗ ಖರ್ಚಿಲ್ಲ ಎಂದು. ಫೋನ್ ಇಟ್ಟ ಮೇಲೆ ನನಗೆ ಅಡುಗೆ ಮಾಡಲು ಮನಸ್ಸಾಗಲಿಲ್ಲ. ಇಷ್ಟು ವರ್ಷ ನಾನು ಪರೀಕ್ಷೆ ಬರೆದು ಗೆದ್ದವರನ್ನಷ್ಟೇ ನೋಡಿದ್ದೆ. ಪರೀಕ್ಷೆಯ ಕೋಣೆಯ ತನಕ ಬರಲಾಗದವರು ನನ್ನ ಪಟ್ಟಿಯಲ್ಲಿ ಯಾವತ್ತೂ ಇರಲಿಲ್ಲ.

ಹಾಸ್ಟೆಲಿಗೆ ಫೋನ್ ಮಾಡಿದೆ. ಅದು ಕ್ವಾರಂಟೈನ್ ಕೇಂದ್ರವಾಗಿತ್ತು, ಒಳಗೆ ಯಾರನ್ನೂ ಬಿಡುವಂತಿರಲಿಲ್ಲ. ಪಠ್ಯಪುಸ್ತಕ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ, ಸಿಕ್ಕರೂ ಅಂಗಡಿ ತೆರೆದಿರಬೇಕಲ್ಲ. ಆಗ ನೆನಪಾದವರು ನಮ್ಮಿಂದ ಕಪ್ಪು ತಗೊಂಡ ಹುಡುಗಿಯರು. ಅವರ ಹಳೆಯ ಪುಸ್ತಕಗಳು ಎಲ್ಲಿಗೆ ಹೋಗಿರುತ್ತವೆ? ಒಬ್ಬೊಬ್ಬರಿಗೇ ಫೋನ್ ಮಾಡುತ್ತ ಹೋದೆ. ಹೆಚ್ಚಿನವರ ಮನೆಯಲ್ಲಿ ಪುಸ್ತಕ ಇದ್ದವು. ತಾವೇ ಕೈಯಲ್ಲಿ ಬರೆದ ನೋಟ್ಸೂ ಇದ್ದವು.

ಸಾವ್ಕಾರ್ರಿಗೆ ಹೇಳಿದೆ. ಪುಸ್ತಕ ಕಳಿಸಿ, ಅದಕ್ಕೇನು ಎಂದರು. ಆದರೆ ಬಹುಮಾನಕ್ಕೆಂದು ಇಟ್ಟ ಹಣವನ್ನು ಈ ಹುಡುಗಿಯರ ಫೋನ್ ರೀಚಾರ್ಜಿಗೆ, ಪರೀಕ್ಷೆಗೆ ಹೋಗಿಬರುವ ಗಾಡಿಗೆ ಬಳಸೋಣ ಎಂದಾಗ ಅವರ ದನಿ ಬಿಗಿಯಾಯಿತು. ಮೊದಲ ಸ್ಥಾನ ಬಂದವರಿಗೇ ಕೊಡಬೇಕೆಂದು ಅವ್ವ ಬರೆಸಿದ ನಿಯಮ, ಅದನ್ನು ಮುರಿಯಲು ತಾನು ಯಾರು ಎಂದರು.

ಮರುದಿನ ಬೆಳಿಗ್ಗೆ ಅವರೇ ಫೋನ್ ಮಾಡಿದರು. ರಾತ್ರಿ ನಿದ್ದೆ ಬರಲಿಲ್ಲವಂತೆ.

"ಟೀಚರಮ್ಮ, ನಮ್ಮವ್ವಗ ಓದಾಕ ಬರ್ತಿದ್ದಿಲ್ಲ," ಎಂದರು. "ಆ ಕಾಗದಕ್ಕ ಹೆಬ್ಬಟ್ಟು ಒತ್ತಿದಾಕಿ ಅಕಿ. ಮೊದಲ ನಂಬರ್ ಬಂದೋರಿಗೆ ಅಂತ ಬರದೋರು ವಕೀಲ್ರು. ಅಕಿ ಬಾಯಿಲೆ ಹೇಳಿದ್ದು, ಹೆಣ್ಣುಮಕ್ಕಳು ಓದಬೇಕು ಅಂತ ಅಷ್ಟ." ಆಮೇಲೆ, "ಪರ್ವಾಲೇದು, ಏನಾಗಂಗಿಲ್ಲ, ನಡಿಸ್ರಿ" ಎಂದರು.

ಕುರುಗೋಡಿನ ಕಡೆಯಿಂದ ದಿನಾ ನಸುಕಿನಲ್ಲಿ ತರಕಾರಿ ಗಾಡಿಯೊಂದು ನಮ್ಮ ಪೇಟೆಗೆ ಬರುತ್ತಿತ್ತು, ವಾಪಸು ಹೋಗುವಾಗ ಖಾಲಿ. ಅದರಲ್ಲಿ ಪುಸ್ತಕದ ಗಂಟುಗಳು ಕುರುಗೋಡಿಗೆ ಹೋದವು, ಅಲ್ಲಿಂದ ಹಾಲಿನ ಗಾಡಿಯಲ್ಲಿ ಸಿರುಗುಪ್ಪದ ಹಳ್ಳಿಗಳಿಗೆ. ಪುಸ್ತಕವೆಲ್ಲ ಕೊತ್ತಂಬರಿ ವಾಸನೆ ಬರುತ್ತೈತಿ ಎಂದು ಒಬ್ಬಳು ಫೋನಿನಲ್ಲಿ ನಗುತ್ತ ಹೇಳಿದಳು. ಐದಾರು ಮಂದಿ ಇದ್ದವರು ಅಷ್ಟರಲ್ಲಿ ಇಪ್ಪತ್ತೊಂದು ಆಗಿದ್ದರು. ವರ ನೋಡುತ್ತಿದ್ದ ಮನೆಯವರನ್ನು ಒಪ್ಪಿಸಲು ನಾನು ಮೂರು ದಿನ ಆ ಹುಡುಗಿಯ ಅಪ್ಪನಿಗೆ ಫೋನ್ ಮಾಡಿದೆ. ಪರೀಕ್ಷೆ ಮುಗಿಯುವ ತನಕ ತಡೆಯುತ್ತೇನೆ ಎಂದು ಅವನು ಮಾತು ಕೊಟ್ಟ, ಕೊಟ್ಟಂತೆ ನಡೆದ.

ಪುಸ್ತಕ ಕೊಟ್ಟರೆ ಸಾಲದು, ಹೇಳಿಕೊಡುವವರು ಬೇಕಿತ್ತು. ಹಿಂದಿನ ವರ್ಷ ಗಣಿತದಲ್ಲಿ ನೂರಕ್ಕೆ ನೂರು ತೆಗೆದಿದ್ದ ಹುಡುಗಿಯೊಬ್ಬಳು ನಮ್ಮ ಪೇಟೆಯಲ್ಲೇ ಇದ್ದಳು. ತಾನು ಕಲಿಸುತ್ತೇನೆಂದು ಮುಂದೆ ಬಂದಳು. ಹಳ್ಳಿಯ ಹುಡುಗಿಯರ ಮನೆಗಳಲ್ಲಿ ಇದ್ದದ್ದು ಗುಂಡಿ ಒತ್ತುವ ಫೋನ್, ಹಾಗಾಗಿ ನಾಲ್ಕು ನಾಲ್ಕು ಮಂದಿಯನ್ನು ಒಂದೇ ಕರೆಗೆ ಸೇರಿಸಿ ಪಾಠ. ಮೊದಲ ದಿನ ನಾನೂ ಆ ಕರೆಯಲ್ಲಿದ್ದೆ. ಗಣಿತದ ಜಾಣೆ ತನ್ನ ವೇಗದಲ್ಲಿ ಲೆಕ್ಕ ಬಿಡಿಸುತ್ತ ಹೋದಳು. ಹದಿನೈದು ನಿಮಿಷ ಆಚೆ ಕಡೆಯಿಂದ ಉಸಿರಿಲ್ಲ. ಕೊನೆಗೆ, ನನಗೆ ಮೊದಲು ಫೋನ್ ಮಾಡಿದ್ದ ಸಿರುಗುಪ್ಪದ ಹುಡುಗಿ ಬಾಯಿ ಬಿಟ್ಟಳು.

"ಅಕ್ಕ, ನೀವು ಉತ್ತರ ಹೇಳಾಕತ್ತೀರಿ. ನಮಗ ಎಲ್ಲಿಂದ ಶುರು ಮಾಡಬೇಕು ಅನ್ನೋದ ಗೊತ್ತಿಲ್ರಿ."

ಗಣಿತದ ಜಾಣೆ ಅವಮಾನವೆಂದುಕೊಂಡು ಬಿಟ್ಟುಬಿಡುತ್ತಾಳೆ ಎಂದು ನಾನು ಹೆದರಿದೆ. ಆಕೆ ಬಿಡಲಿಲ್ಲ. ಸಂಜೆ ನಮ್ಮ ಮನೆಗೆ ಬಂದು ಬಾಗಿಲಾಚೆ ನಿಂತು, ಮೇಡಂ, ಏನೂ ಗೊತ್ತಿಲ್ಲದವರಿಗೆ ನೀವು ಹೇಗೆ ಕಲಿಸುತ್ತಿದ್ದಿರಿ ಎಂದು ಕೇಳಿದಳು. ಆವತ್ತಿನಿಂದ ನಾವಿಬ್ಬರೂ ಕೂತು ಪಾಠ ತಯಾರು ಮಾಡಿದೆವು. ಫೋನಿನಲ್ಲಿ ಚಿತ್ರ ತೋರಿಸುವುದು ಹೇಗೆ? ಎಲ್ಲರೂ ಒಂದು ಕಾಗದ ತಗೊಳ್ಳಿ, ಮೂಲೆಯಿಂದ ಮೂಲೆಗೆ ಮಡಚಿ, ಈಗ ಬಿಚ್ಚಿ, ಏನು ಕಾಣುತ್ತದೆ ಹೇಳಿ. ಹೀಗೆ ತ್ರಿಕೋನ ಕಲಿಸಿದೆವು. ಬೇರೆ ವಿಷಯಗಳಿಗೂ ಹಳೆಯ ಬಹುಮಾನಿತರು ಒಬ್ಬೊಬ್ಬರಾಗಿ ಸೇರಿಕೊಂಡರು. ಕಪ್ಪು ಕೊಡುವಾಗ ನಾನು ಅವರ ಹೆಸರು ಕೂಗಿದ್ದೆ, ಅಷ್ಟೇ. ಅವರನ್ನು ಸರಿಯಾಗಿ ಕಂಡದ್ದು ಈ ವರ್ಷವೇ.

ಮುಂಗಾರು ಹಿಡಿಯುವ ಹೊತ್ತಿಗೆ ಪರೀಕ್ಷೆ ನಡೆಯುತ್ತದೆಂದು ಗೊತ್ತಾಯಿತು. ಊರಿಗೆ ಮರಳಿದ ಮಕ್ಕಳು ಹತ್ತಿರದ ಕೇಂದ್ರದಲ್ಲೇ ಬರೆಯಬಹುದಿತ್ತು. ನಮ್ಮ ಹುಡುಗಿಯರಿಗೆ ಸಿರುಗುಪ್ಪ ಹತ್ತಿರ. ಕೆಲಸವಿಲ್ಲದೆ ನಿಂತಿದ್ದ ಒಂದು ಶಾಲಾ ವ್ಯಾನನ್ನು ಗೊತ್ತು ಮಾಡಿದೆವು. ಅದರ ಡ್ರೈವರ್ ಮಾತು ಕಡಿಮೆಯ ಮನುಷ್ಯ. ಬೆಳಕು ಹರಿಯುವ ಮೊದಲೇ ನನ್ನನ್ನು ಬಳ್ಳಾರಿಯಿಂದ ಹತ್ತಿಸಿಕೊಂಡು, ಕುರುಗೋಡು ದಾಟಿ, ಹಳ್ಳಿ ಹಳ್ಳಿಗೆ ಹೋಗಿ ಹುಡುಗಿಯರನ್ನು ಕೂಡಿಸಿಕೊಂಡು ಕೇಂದ್ರಕ್ಕೆ ಬಿಡುತ್ತಿದ್ದ. ಇಪ್ಪತ್ತೊಂದು ಮಂದಿಗೆ ಎರಡು ಸುತ್ತು.

ಗಣಿತ ಪರೀಕ್ಷೆಯ ದಿನ, ನನಗೆ ಮೊದಲು ಫೋನ್ ಮಾಡಿದ್ದ ಹುಡುಗಿಯ ಅವ್ವ ಫೋನ್ ಮಾಡಿದಳು. ಹಿಂದಿನ ಸಂಜೆ ಅವರ ಓಣಿಯಲ್ಲಿ ಒಬ್ಬರಿಗೆ ಸೋಂಕು ಬಂದು ಓಣಿಯನ್ನು ಸೀಲ್‌ಡೌನ್ ಮಾಡಿದ್ದರು. ಬೊಂಬು ಕಟ್ಟಿಬಿಟ್ಟಾರ, ಮಗಳು ಸಮವಸ್ತ್ರ ಹಾಕಿಕೊಂಡು ಕಟ್ಟೆ ಮೇಲೆ ಕುಂತಾಳ ಎಂದಳು. ಅಂಥವರಿಗೆ ಬೇರೆ ಕೋಣೆಯಲ್ಲಿ ಬರೆಯಲು ಅವಕಾಶವಿದೆಯೆಂದು ನನಗೆ ತಿಳಿದಿತ್ತು. ಕೇಂದ್ರದವರನ್ನು ಕೇಳಿದೆ. ಆಶಾ ಕಾರ್ಯಕರ್ತೆ ಜ್ವರ ನೋಡಿ ಕಳಿಸಿದರೆ ಸೇರಿಸಿಕೊಳ್ಳುತ್ತೇವೆ ಎಂದರು. ಆಕೆಯನ್ನು ಕೂಡಲೇ ಕರೆಸಿ ಎಂದು ಆ ತಾಯಿಗೆ ಹೇಳಿದೆ. ಆದರೆ ಹುಡುಗಿಯನ್ನು ಗಾಡಿಯಲ್ಲಿ ಉಳಿದವರ ಜೊತೆ ಕೂಡಿಸುವಂತಿರಲಿಲ್ಲ. ಇಪ್ಪತ್ತು ಮಂದಿಯನ್ನು ಬಿಟ್ಟಾಗಿತ್ತು. ಗಂಟೆ ಹೊಡೆಯಲು ಇನ್ನು ಒಂದು ತಾಸು ಇತ್ತು. ಡ್ರೈವರನನ್ನು ಹೇಗೆ ಕೇಳುವುದು? ಅವನ ಮನೆಯಲ್ಲೂ ಚಿಕ್ಕ ಮಕ್ಕಳಿದ್ದವು. ನಾನು ಫೋನ್ ಹಿಡಿದು ನಿಂತದ್ದನ್ನು ನೋಡಿ ಅವನೇ ಕೇಳಿದ. ಹೇಳಿದೆ.

"ಅಕಿ ಒಬ್ಬಾಕಿನ್ನ ಹಿಂದಿನ ಸೀಟಿನಾಗ ಕೂಡಿಸಿದ್ರ ಆತ್ರಿ," ಎಂದ. "ಕಿಟಕಿ ಎಲ್ಲಾ ತಗೀತೀನಿ. ನೀವು ಇಲ್ಲೇ ಇರ್ರಿ."

ಗಾಡಿ ಹೋಯಿತು. ಗೇಟಿನ ಮುಂದೆ ಒಬ್ಬಳೇ ನಿಂತಿದ್ದೆ. ಒಳಗೆ ಮಕ್ಕಳಿಗೆ ಸ್ಯಾನಿಟೈಸರ್ ಹಾಕಿ ಸಾಲಾಗಿ ಬಿಡುತ್ತಿದ್ದರು, ಸಾಲು ಕರಗುತ್ತ ಬಂತು. ಕೊನೆಯ ಮಗುವೂ ಒಳಗೆ ಹೋಯಿತು. ನಾನು ರಸ್ತೆಯ ತುದಿಯನ್ನೇ ನೋಡುತ್ತಿದ್ದೆ. ಗಂಟೆಗೆ ಇನ್ನೂ ಎಂಟು ನಿಮಿಷ ಇರುವಾಗ ಕಿಟಕಿಗಳೆಲ್ಲ ತೆರೆದ ವ್ಯಾನು ಕೆಸರು ಹಾರಿಸುತ್ತ ಬಂತು. ಹುಡುಗಿ ಇಳಿದಳು. ಫೋನಿನ ದನಿಯನ್ನು ಮೊದಲೇ ಅರಿತಿದ್ದೆ, ಹಿಂದಿನ ಪರೀಕ್ಷೆಗೆ ಹೋಗುವಾಗ ಗಾಡಿಯಲ್ಲೂ ನೋಡಿದ್ದೆ, ಆದರೂ ಆವತ್ತು ಅವಳು ಬೇರೆಯೇ ಕಂಡಳು. ಗಾಳಿಗೆ ಜಡೆ ಬಿಚ್ಚಿಹೋಗಿತ್ತು. ನನ್ನ ಕಡೆ ಒಮ್ಮೆ ಕೈ ಎತ್ತಿ, ಓಡದೆ, ನೇರವಾಗಿ ನಡೆದು ಒಳಗೆ ಹೋದಳು. ಡ್ರೈವರ್ ಇಂಜಿನ್ ಆರಿಸಿ ತಲೆಯನ್ನು ಸ್ಟಿಯರಿಂಗಿಗೆ ಆನಿಸಿ ಕೂತುಬಿಟ್ಟ. ಮೂರು ತಾಸಿನ ಮೇಲೆ ಹೊರಬಂದ ಹುಡುಗಿ ದೂರದಲ್ಲೇ ನಿಂತು, ತ್ರಿಕೋನದ ಲೆಕ್ಕ ಬಂದಿತ್ತು ಮೇಡಂ, ಮನಸ್ಸಿನಲ್ಲೇ ಕಾಗದ ಮಡಚಿದೆ ಎಂದಳು.

ಶ್ರಾವಣ ಮುಗಿಯುವ ಮೊದಲೇ ಫಲಿತಾಂಶ ಬಂತು. ಇಪ್ಪತ್ತೊಂದು ಮಂದಿಯೂ ಪಾಸು. ಯಾರೂ ಮೊದಲ ಸ್ಥಾನದಲ್ಲಿರಲಿಲ್ಲ. ಎಂದಿನ ಲೆಕ್ಕದಲ್ಲಾದರೆ ಅವರಲ್ಲಿ ಒಬ್ಬಳಿಗೂ ನಮ್ಮ ವೇದಿಕೆ ಸಿಗುತ್ತಿರಲಿಲ್ಲ. ನಾನು ಪಟ್ಟಿಯನ್ನು ಎರಡು ಸಲ ಬೆರಳಿಟ್ಟು ನೋಡಿದೆ. ನೌಕರಿಯ ಅಷ್ಟೂ ವರ್ಷಗಳಲ್ಲಿ ಯಾವ ನೂರಕ್ಕೆ ನೂರೂ ನನಗೆ ಅಷ್ಟು ಸಂತೋಷ ಕೊಟ್ಟಿರಲಿಲ್ಲ. ಸಾವ್ಕಾರ್ರಿಗೆ ಫೋನ್ ಮಾಡಿ ಓದಿ ಹೇಳಿದೆ. ಎಲ್ಲ ಹೆಸರನ್ನೂ ಕೇಳಿಸಿಕೊಂಡು, ಇನ್ನೊಮ್ಮೆ ಓದಿ ಎಂದರು.

ಓಡಾಟ ಸಡಿಲವಾದ ಮೇಲೆ, ಸಮಾರಂಭಕ್ಕೆ ಹುಡುಗಿಯರನ್ನು ಕರೆಸುವುದು ಬೇಡ, ನಾವೇ ಹೋಗೋಣ ಎಂದದ್ದು ಸಾವ್ಕಾರ್ರೇ. ಅದೇ ವ್ಯಾನು, ಅದೇ ಡ್ರೈವರ್. ಗಣಿತದ ಜಾಣೆಯೂ ಬಂದಳು. ಮನೆ ಮನೆಗೆ ಹೋಗಿ ಕಾಲೇಜಿಗೆ ಬೇಕಾದ ನೋಟ್‌ಬುಕ್ಕುಗಳನ್ನು ಕೊಟ್ಟೆವು. ಮದುವೆ ನಿಂತ ಹುಡುಗಿಯ ಅಪ್ಪ, ಮಗಳು ಇನ್ನೂ ಓದಲಿ ಬಿಡ್ರಿ ಎಂದು ತಾನಾಗಿಯೇ ಹೇಳಿದ. ಕೊನೆಗೆ ಆ ಓಣಿಗೆ ಬಂದೆವು. ಬೊಂಬು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಹುಡುಗಿಯ ಅವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಕಂಬಳಿ ಹಾಸಿ, ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ತಂದಿಟ್ಟಳು. ಪ್ರತಿ ವರ್ಷ ವೇದಿಕೆಯ ನಡುವಿನ ದೊಡ್ಡ ಕುರ್ಚಿಯಲ್ಲಿ ಕೂರುತ್ತಿದ್ದ ಸಾವ್ಕಾರ್ರು ಧೋತರ ಮಡಚಿಕೊಂಡು ಆ ಕಟ್ಟೆಯ ಮೇಲೆ ಕೂತು ಎರಡು ಸಲ ಹಾಕಿಸಿಕೊಂಡು ತಿಂದರು. ಮುಂದೇನು ಓದುತ್ತೀ ಎಂದು ಹುಡುಗಿಯನ್ನು ಕೇಳಿದರು. ಸೈನ್ಸ್ ತಗೋತೀನಿ, ಬಳ್ಳಾರಿಗೇ ಬರ್ತೀನಿ ಎಂದಳು, ಕೇಳಿದ ಕೂಡಲೇ, ತಲೆ ತಗ್ಗಿಸದೆ. ಗಣಿತದ ಜಾಣೆ ಅವಳ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದಳು. ಫೋನಿನಲ್ಲಿ ಅಷ್ಟು ತಿಂಗಳು ಮಾತಾಡಿದವರು ಒಬ್ಬರನ್ನೊಬ್ಬರು ನೋಡಿದ್ದು ಅಂದೇ ಮೊದಲು.

ವಾಪಸು ಬರುವಾಗ ಕಾಲುವೆಯ ಎರಡೂ ಕಡೆ ನಾಟಿ ಹಸಿರಾಗಿತ್ತು. ಕುರುಗೋಡು ದಾಟಿದ ಮೇಲೆ ಸಾವ್ಕಾರ್ರು ನನ್ನ ಕಡೆ ತಿರುಗಿ, ಬರುವ ವರ್ಷ ಯಾವ ಯಾವ ಊರು ಹಿಡಿಯೋಣ, ಈಗಲೇ ಬರೆದುಕೊಳ್ಳಿ ಎಂದರು.