ಫಳಫಳ ಹೊಳೆದ ಡಬ್ಬಗಳು

ಪಶು ಆಹಾರ ಪ್ರಯೋಗಾಲಯದ ಸಹಾಯಕನನ್ನು ಅಕ್ಕನ ಮಕ್ಕಳು ‘ಹಂದಿಮಾವ’ ಎಂದೇ ಕರೆಯುತ್ತಿದ್ದರು. ಬೆಳೆಯುವ ಹಂದಿಗೆ ಜೋಳ ತೂಗಿ ಹಾಕಬೇಕು, ಅದರ ಮಲಮೂತ್ರವನ್ನು ಚೂರೂ ಬಿಡದೆ ಕೂಡಿಡಬೇಕು, ಅದರಲ್ಲಿ ಪೋಲಾದ ಶಕ್ತಿಯನ್ನು ಕಳೆದು ಮೈಗೆ ಹತ್ತಿದ್ದೆಷ್ಟೆಂದು ಹೇಳಬೇಕು. ಇದೇ ಅವನ ಬದುಕು.

ವಾರವಿಡೀ ಮೂಗು ಮುಚ್ಚಿಕೊಂಡು ತುಂಬಿಸಿದ್ದ ಡಬ್ಬಗಳು ಇಂದು ಬೆಳಿಗ್ಗೆ ಫಳಫಳ ಹೊಳೆಯುತ್ತ ಬಿಸಿಲಿನಲ್ಲಿ ಬೋರಲು ಬಿದ್ದಿದ್ದವು.

“ಸಾಹೇಬ್ರು ಬರ್ತಾರಂತಲ್ಲಣ್ಣ, ಎಲ್ಲಾ ತೊಳೆದುಬಿಟ್ಟೆ,” ಎಂದಳು ಕಸ ಗುಡಿಸುವಾಕೆ, ಹೆಮ್ಮೆಯಿಂದ.

“ನನ್ನ ತಲೆ ಮೇಲೆ ಚಪ್ಪಡಿ ಎಳೆದ್ಯಲ್ಲಮ್ಮ! ಅದು ಗಲೀಜಲ್ಲ, ನನ್ನ ಲೆಕ್ಕ!”

ಅವನು ಹಣೆ ಚಚ್ಚಿಕೊಳ್ಳುತ್ತಿರುವಾಗಲೇ ಸಾಹೇಬರು ಬಂದು ಮೂಗರಳಿಸಿದರು. “ಭೇಷ್, ವಾಸನೇನೇ ಇಲ್ಲ! ಎಲ್ರೀ, ಈ ವಾರದ ಫಲಿತಾಂಶ?”

ಅವನು ಚರಂಡಿಯತ್ತ ಕೈ ತೋರಿಸಿದ. “ಈಗಷ್ಟೇ ಹೊರಟುಹೋಯ್ತು, ಸಾರ್.”